ಹೊಸ್ತಿಲಾಚೆಯ ಒಂದು ಕೂಗು

ದೆವ್ವ ಪಿಶಾಚಿಗಳನ್ನು ನಾನು ನಂಬಿದವಳಲ್ಲ. ಇದನ್ನು ಬರೆಯುವುದಕ್ಕೂ ಸಂಕೋಚವೇ. ಆದರೆ ಮಕ್ಕಳೇ, ನಿಮ್ಮ ತಾತನ ವಿಷಯ ಕೇಳುತ್ತಲೇ ಇರುತ್ತೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ಹಿಂದೂಪುರದ ನಮ್ಮ ಮನೆಗೆ ಟಿ.ವಿ. ಹೊಸದು. ವಾರಕ್ಕೊಂದು ಸಂಜೆ ತೆಲುಗಿನಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಅದರಲ್ಲೊಬ್ಬ ರಕ್ತ ಹೀರುವ ಪಿಶಾಚಿ. ನೋಡಲು ಲಕ್ಷಣವಾಗಿದ್ದ. ಪ್ರೀತಿಸಿದವಳ ರಕ್ತ ಮುಟ್ಟಲಾರದೆ ಹಸಿದುಕೊಂಡೇ ಇರುತ್ತಿದ್ದ. ಒಳಗಿನವರು ಬಾ ಎನ್ನದೆ ಅವನು ಯಾರ ಮನೆ ಹೊಸ್ತಿಲನ್ನೂ ದಾಟುವಂತಿರಲಿಲ್ಲ.

ನಿಮ್ಮ ತಾತನಿಗೆ ಆಗ ಕ್ಷಯ. ಮಗ್ಗ ಬಿಟ್ಟು ಬಹಳ ಕಾಲವಾಗಿತ್ತು. ನನ್ನ ಕೈಗೂಸಿಗೆ ತಗುಲೀತೆಂದು ಅವರ ಚಾಪೆಯನ್ನು ನಮ್ಮತ್ತೆ ಜಗುಲಿಗೆ ಹಾಕಿಸಿದ್ದರು. ತಾತ ಅಲ್ಲಿಂದಲೇ ಟಿ.ವಿ. ನೋಡುತ್ತಿದ್ದರು.

“ಪಾಪ ಕಣೆ ಅವ್ನು. ನನ್ನಂಗೇ ಆಚೆ ನಿಂತವ್ನೆ” ಎಂದರು ಒಮ್ಮೆ.

“ನೀವೇನು ರಕ್ತ ಕುಡೀತೀರಾ?”

“ಕೆಮ್ಮಿದ್ರೆ ನಂದೇ ಆಚಿಕ್ಕೆ ಬತ್ತದೆ, ಇನ್ನೊಬ್ರದ್ದು ಎಲ್ಲಿ ಕುಡೀಲಿ?” ಎಂದು ನಕ್ಕರು. ಆಮೇಲೆ, “ವಾಸಿಯಾಗಿ ಬತ್ತೀನಿ. ಆಗ ಒಳಿಕ್ಕೆ ಕರೀತೀಯ ತಾನೆ?” ಎಂದರು.

“ಕರೀದೆ ಇರ್ತೀನಾ?” ಎಂದೆ.

ಕಲ್ಯಾಣದುರ್ಗದಲ್ಲಿ ಅವರ ಅಕ್ಕನ ಮನೆ. ಅಲ್ಲಿನ ಡಾಕ್ಟರ ಔಷಧಿ ಹಿಡಿಯಬಹುದೆಂದು ಅಕ್ಕನ ಮನೆಯವರೇ ಬಂದು ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ನಾನು ಚಾಪೆ ಸುತ್ತಿ ಜಗುಲಿಯ ಮೂಲೆಗೆ ನಿಲ್ಲಿಸಿದೆ.

ಮುಂದಿನ ವಾರ, ದೀಪ ಹಚ್ಚುವ ಹೊತ್ತು, ಧಾರಾವಾಹಿಯ ನಡುವೆ ಕರೆಂಟ್ ಹೋಯಿತು. ಆಚೆಯಿಂದ “ಏಮೇ” ಎಂದು ಕೇಳಿಸಿತು, ಹಿಂದೆಯೇ ಒಂದು ಸಣ್ಣ ಕೆಮ್ಮು. ತೆಲುಗಿನಲ್ಲಿ ಹಾಗೆ ‘ಏನೇ’ ಎಂದು ನನ್ನನ್ನು ಕರೆಯುತ್ತಿದ್ದವರು ನಿಮ್ಮ ತಾತ ಒಬ್ಬರೇ. ದಡಕ್ಕನೆ ಎದ್ದೆ. ಅತ್ತೆಗೂ ಕೇಳಿಸಿತ್ತು, ನನ್ನ ಸೆರಗು ಹಿಡಿದರು.

“ಮುಸ್ಸಂಜೇಲಿ ಒಂದ್ ಕೂಗಿಗೆ ಓಗೊಡಬ್ಯಾಡ ಕಣಮ್ಮ. ಇನ್ನೊಂದ್ಸಲ ಕೂಗ್ಲಿ.”

ದೆವ್ವ ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಮತ್ತೆ ಕರೆಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಕಾದೆ. ಮತ್ತೆ ಕೂಗು ಬರಲಿಲ್ಲ.

ಕರೆಂಟ್ ಬಂದ ಮೇಲೆ ಬಾಗಿಲು ತೆಗೆದರೆ ಯಾರೂ ಇಲ್ಲ. ಮೂಲೆಯಲ್ಲಿದ್ದ ಚಾಪೆ ಹೊಸ್ತಿಲ ಪಕ್ಕ ಹಾಸಿತ್ತು. ಬೆಳಿಗ್ಗೆ ಕಲ್ಯಾಣದುರ್ಗದಿಂದ ಆಳು ಬಂದ. ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೇ ಅವರು ಅಲ್ಲೇ ತೀರಿಹೋಗಿದ್ದರು.

ಚಾಪೆಯನ್ನು ಗಾಳಿ ಬಿಚ್ಚಿತೋ ಏನೋ, ತಿಳಿಯದು. ಆ ಕೂಗಿಗೆ ನಾನು ಒಳಗೆ ಕರೆದಿದ್ದರೆ ಏನಾಗುತ್ತಿತ್ತೋ, ಅದೂ ತಿಳಿಯದು. ಆ ಧಾರಾವಾಹಿಯನ್ನು ಮತ್ತೆ ನೋಡಲಿಲ್ಲ. ಆ ಪಿಶಾಚಿಯನ್ನು ಯಾರಾದರೂ ಒಳಗೆ ಕರೆದರೋ ಇಲ್ಲವೋ.

ನೀವು ಆಚೆಯಿಂದ ಕೂಗುವುದೇ ತಡ, ಯಾರೆಂದೂ ಕೇಳದೆ “ಬಾ ಒಳಿಕ್ಕೆ” ಎನ್ನುತ್ತೇನೆಂದು ನಗುತ್ತೀರಿ. ಇಷ್ಟು ವರ್ಷವೂ ಹಾಗೇ ಕರೆದಿದ್ದೇನೆ. ಒಳಗೆ ಬಂದವರೆಲ್ಲ ಬದುಕಿರುವವರೇ.