ಅಯಸ್ಕಾಂತಕ್ಕೆ ಗಡ್ಡ ಬಂದದ್ದು

ಮರಳನ್ನು ಅಂಗೈಯಲ್ಲಿ ತಿಕ್ಕಿ ತೋರಿಸಿ ಮಾರುವವನು ನಾನು. ಅಂಗೈ ಮಾಸದಿದ್ದರೆ ಮಾಲು ಚಲೋ. ನಾಗಪುರದ ಕಾಲೇಜಿನಲ್ಲಿ ಕಲಿಸುವ ಧಾರವಾಡ ಕಡೆಯ ಮಾಸ್ತರರೊಬ್ಬರಿಗೆ ಸಮುದ್ರದ ಮೀನಿನ ಗಾಜಿನ ತೊಟ್ಟಿಗೆಂದು ಹಾಗೇ ಹೊಳೆಮರಳು ಕೊಟ್ಟಿದ್ದೆ. ವಾರದೊಳಗೆ ಇತವಾರಿ ಪೇಟೆಯ ನನ್ನ ಅಂಗಡಿಗೆ ಬಂದು ಪೊಟ್ಟಣ ಬಿಚ್ಚಿದರು: ನಾಲ್ಕು ಸತ್ತ ಮೀನು!

“ಮುಂಬಯಿಯಿಂದ ತಂದಿದ್ದೆ, ಸಾವಕಾರ್ರ. ಇನ್ನೊಂದೇ ಉಳದೈತಿ.”

“ಅರ್ಧ ನಾಗಪುರದ ಗೋಡಿ ಇದೇ ಮರಳಿನ್ಯಾಗ ನಿಂತಾವ್ರಿ!” ಎಂದೆ.

ಅವರು ಕಿಸೆಯಿಂದ ಅಯಸ್ಕಾಂತ ತೆಗೆದು ನನ್ನ ರಾಶಿಯಲ್ಲಿ ಎಳೆದರು. ಅದಕ್ಕೆ ಕರಿ ಗಡ್ಡ ಬಂತು.

“ಕಬ್ಬಿಣದ ಪುಡಿ. ಉಪ್ಪುನೀರಿನ್ಯಾಗ ತುಕ್ಕು ಹಿಡದು ನೀರು ಕೆಡಸ್ತೈತಿ. ಗೋಡಿ ಉಸಿರಾಡಂಗಿಲ್ಲ, ಮೀನು ಆಡ್ತಾವ.”

ಮೂಲೆಯಲ್ಲಿದ್ದ, ಕೋಳಿಗೆ ಹಾಕುವ ಚಿಪ್ಪಿನ ಪುಡಿಗೆ, ಜೊತೆಗೆ ತಂದಿದ್ದ ನಿಂಬೆ ಹಿಂಡಿದರು; ನೊರೆ ಎದ್ದಿತು. “ನೊರಿ ಬಂತಂದ್ರ ಸುಣ್ಣದ ಚಿಪ್ಪು. ಇದು ಸಮುದ್ರದ್ದೇ ಮಾಲು, ಬರೋಬರ್!” ಎಂದು ಅದನ್ನೇ ಒಯ್ದರು.

ಉಳಿದ ಮೀನು ಬದುಕಿತು. ಮರುದಿನವೇ ನಾನೂ ಒಂದು ಅಯಸ್ಕಾಂತ ಕೊಂಡೆ. ಗಿರಾಕಿ ಎದುರಿಗಿದ್ದಾಗ ಮಾತ್ರ ಹೊರಗೆ ತೆಗೆಯುವುದಿಲ್ಲ.