ಸಹನಾಳ ಬೆರಳಿಗೆ ಕಟ್ಟಿದ ದಾರ

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ. ನಾವು ಮಾನ್ವಿಯಲ್ಲಿದ್ದೆವು. ಐದೂವರೆ ವರ್ಷದ ಮಗಳು ಸಹನಾಳನ್ನು ಮೊದಲ ಸಲ ಶಾಲೆಗೆ ಸೇರಿಸಿದೆ. ಅಲ್ಲಿಯವರೆಗೆ ಅವಳ ಕೈಗೆ ನಾನು ಕೊಟ್ಟಿದ್ದು ಮೊಬೈಲ್ ಒಂದೇ. ತುತ್ತು ಮಾಡಿ ಉಣ್ಣಿಸುವುದು, ಅಂಗಿಯ ಗುಂಡಿ ಹಾಕುವುದು ಎಲ್ಲ ನನ್ನದೇ ಕೆಲಸವಾಗಿತ್ತು.

ಎರಡು ತಿಂಗಳಾದರೂ ಅವಳಿಗೆ 'ಅ' ಬರೆಯಲು ಬರಲಿಲ್ಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು, ಎರಡು ಗೆರೆ ಎಳೆಯುವಷ್ಟರಲ್ಲಿ ಅದು ಜಾರಿ ಬೀಳುತ್ತಿತ್ತು. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಆಗಲೇ ತನ್ನ ಹೆಸರು ಬರೆಯುತ್ತಿದ್ದಳು. ನನಗೆ ಅವಮಾನ. ಇವಳದು ಬರೀ ಸೋಮಾರಿತನ ಎಂದುಕೊಂಡೆ. ಒಂದು ಸಂಜೆ ಪೆನ್ಸಿಲನ್ನು ಅವಳ ಬೆರಳುಗಳ ನಡುವೆ ಸರಿಯಾಗಿ ಇಟ್ಟು, ಹೊಲಿಗೆ ದಾರದಿಂದ ಬಿಗಿದು ಕಟ್ಟಿದೆ. ಅಂದಿನಿಂದ ದಿನಾ ಒಂದು ಪುಟ ಮುಗಿಯುವವರೆಗೆ ಬಿಚ್ಚುತ್ತಿರಲಿಲ್ಲ. ಮೊದಲೆರಡು ದಿನ ಅತ್ತಳು. ಆಮೇಲೆ ಸಂಜೆಯಾದರೆ ತಾನೇ ಬಂದು, ಕೈ ಚಾಚಿ ಕೂರುತ್ತಿದ್ದಳು.

ಕೊನೆಗೆ ಟೀಚರ್ ಹೇಳಿದರೆಂದು ರಾಯಚೂರಿಗೆ, ಮಕ್ಕಳಿಗೆ ಕೈ ವ್ಯಾಯಾಮ ಕಲಿಸುವ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ನನ್ನ ಬೆರಳನ್ನೇ ಅವಳ ಕೈಗೆ ಕೊಡಿಸಿ, ಗಟ್ಟಿಯಾಗಿ ಹಿಂಡು ಎಂದರು. ಸಹನಾ ತುಟಿ ಕಚ್ಚಿ ಇದ್ದ ಶಕ್ತಿಯನ್ನೆಲ್ಲ ಹಾಕಿದಳು. ನನಗೆ ಬೆರಳಿಗೆ ಹತ್ತಿ ಸುತ್ತಿದಂತೆ ಅನಿಸಿತು, ಅಷ್ಟೇ. ಆಗ ಅವಳ ತೋರುಬೆರಳ ಮೇಲಿನ ಕಂದಿದ ಗೆರೆ ಡಾಕ್ಟರಮ್ಮನ ಕಣ್ಣಿಗೆ ಬಿತ್ತು. ಇದೇನು ಎಂದು ಕೇಳಿದರು.

"ಪೆನ್ಸಿಲ್ ಬೀಳಬಾರ್ದಂತ ಅವ್ವ ದಾರ ಕಟ್ತಾಳ್ರೀ" ಎಂದಳು ಸಹನಾ. ದೂರು ಹೇಳಿದ ಹಾಗಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂಬಂತಿತ್ತು.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೈಗಳ್ಳಿ ಅಲ್ರೀ ಈಕಿ. ಬೆರಳಾಗ ಇನ್ನಾ ಶಕ್ತಿನೇ ಬಂದಿಲ್ಲ. ಮೊದಲ ಕೈ ಗಟ್ಟಿ ಆಗ್ಲಿ, ಅಕ್ಷರ ಆಮ್ಯಾಲ" ಎಂದರು.

ಆ ಬೇಸಿಗೆ ರಜೆಯನ್ನು ದೇವದುರ್ಗದಲ್ಲಿ ಅತ್ತೆಯವರ ಮನೆಯಲ್ಲಿ ಕಳೆದೆವು. ಸಹನಾ ಅಜ್ಜಿಯ ಪಕ್ಕ ಕೂತು ಜೋಳದ ಹಿಟ್ಟು ನಾದಿದಳು, ಶೇಂಗಾ ಸುಲಿದಳು, ಒದ್ದೆ ಬಟ್ಟೆ ಹಿಂಡಿದಳು. ಬೆರಳುಗಳು ನಿಧಾನವಾಗಿ ಬಲಿತವು.

ಈಗ ಅವಳು ಮೂರನೇ ತರಗತಿ. ಅಕ್ಷರಗಳು ದುಂಡಗಿವೆ. ಆದರೆ ಬರೆಯುವಾಗ ನಾನು ಹೋಗಿ ಪಕ್ಕ ಕೂತರೆ ಸಾಕು, ಪೆನ್ಸಿಲ್ ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ. ಯಾಕೆ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ನನಗೆ ಗೊತ್ತು. ಎದ್ದು ಅಡುಗೆಮನೆಗೆ ಹೋಗುತ್ತೇನೆ. ಅಲ್ಲಿ ನಿಂತು, ಅವಳು ಮತ್ತೆ ಬರೆಯತೊಡಗುವ ಸದ್ದಿಗಾಗಿ ಕಾಯುತ್ತೇನೆ.