ಗಾಯದ ಗೆರೆ ಇಲ್ಲದ ಹೆಬ್ಬೆರಳು

ಕೆಲಸ ಕೇಳಿಕೊಂಡು ತಾನಾಗಿ ಬಂದವನನ್ನು ದೋಣಿ ಕಸುಬಿನ ಗುರು ಉಸ್ತಾ ಮಿತ್ವಲ್ಲಿ ಹೇಗೆ ನಂಬಿಯಾನು? ಹದಿನೇಳು ವರ್ಷದಿಂದ ಒಬ್ಬನೂ ಬಂದಿರಲಿಲ್ಲ. ನೈಲ್ ನದಿ ಸಮುದ್ರ ಸೇರುವ ಬುರ್ಗ್ ಊರಿನ ದೋಣಿ ಅಂಗಳಗಳಲ್ಲಿ ಒಂದು ಕಾಲಕ್ಕೆ ನಲವತ್ತು ಜನ ಕಲಫತ್‌ಗಳಿದ್ದರು. ಹಲಗೆ ಹಲಗೆಯ ನಡುವಿನ ಸಂದಿಗೆ ನಾರು ಹೊಡೆದು, ಮೇಲೆ ರಾಳ ಬಳಿದು, ಸಮುದ್ರ ದೋಣಿಯೊಳಗೆ ಬರದಂತೆ ನೋಡಿಕೊಳ್ಳುವವನೇ ಕಲಫತ್. ಈಗ ಉಳಿದವರು ಇಬ್ಬರು, ಅವರಲ್ಲೊಬ್ಬ ಹಾಸಿಗೆ ಹಿಡಿದಿದ್ದ. ಊರಿನ ಹುಡುಗರು ಟುಕ್‌ಟುಕ್ ಓಡಿಸಿಯಾರು, ಫೋನ್ ರಿಪೇರಿ ಮಾಡಿಯಾರು, ಮದುವೆ ಮನೆಯಲ್ಲಿ ಕುರ್ಚಿ ಹೊತ್ತಾರು. ದೋಣಿಯ ಹೊಟ್ಟೆಯಡಿ ಮಲಗಿ, ಕತ್ತು ತಿರುಚಿ, ಮುಖದ ಮೇಲೆ ಬಿಸಿ ರಾಳ ತೊಟ್ಟಿಕ್ಕಿಸಿಕೊಳ್ಳುವ ಕೆಲಸ ಅಂದರೆ ಮಾತ್ರ ಮೂಗು ಮುರಿಯುತ್ತಿದ್ದರು.

ಹೀಗಿರುವಾಗ ಮೂವತ್ತೆಂಟು ವರ್ಷದ ಬಹ್ಗತ್ ಒಂದು ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತ. ದುಮ್ಯಾತ್ ಪಟ್ಟಣದವನು. ಮಂಚ, ಸೋಫಾಗಳ ಮೇಲೆ ಹೂಬಳ್ಳಿ ಕೆತ್ತುತ್ತಿದ್ದವನು. ಕೆತ್ತುವ ಮೆಷಿನ್ ಬಂದ ಮೇಲೆ ಅವನ ಕಾರ್ಖಾನೆಗೆ ಬೀಗ ಬಿದ್ದಿತ್ತು.

"ನನ್ನ ಕೈಗೆ ಉಳಿ ಗೊತ್ತು, ಉಸ್ತಾ. ನಿಮ್ಮ ಉಳಿ ಬೇರೆ ಥರದ್ದು, ಅಷ್ಟೇ. ಕಲಿಸಿಕೊಡಿ."

"ಕೂಲಿ ಏನು ಕೇಳ್ತೀಯ?"

"ನೀವು ಕೊಟ್ಟಷ್ಟು."

ಅನುಮಾನ ಪಡಲು ಮಿತ್ವಲ್ಲಿಗೆ ಅಷ್ಟು ಸಾಕಾಯಿತು. ಕೊಟ್ಟಷ್ಟು ತೆಗೆದುಕೊಳ್ಳುತ್ತೇನೆ ಎನ್ನುವವನು ಒಂದೋ ಸಂತ, ಇಲ್ಲವೋ ಕಳ್ಳ. ಅರವತ್ತಾರು ವರ್ಷದಲ್ಲಿ ಅವನು ಬುರ್ಗ್‌ನಲ್ಲಿ ಒಬ್ಬ ಸಂತನನ್ನೂ ಕಂಡಿರಲಿಲ್ಲ. ಆದರೂ ಬೇಡ ಅನ್ನುವ ಹಾಗಿರಲಿಲ್ಲ. ಮೀನುಗಾರರ ಯಜಮಾನ ರಯ್ಯಿಸ್ ಹಿಗಾಜಿಯ ದೊಡ್ಡ ದೋಣಿ ಮರದ ದಿಮ್ಮಿಗಳ ಮೇಲೆ ಕಾಯುತ್ತ ಕೂತಿತ್ತು. ಸಾರ್ಡೀನ್ ಮೀನು ಬರುವುದರೊಳಗೆ ಅದು ನೀರಿಗಿಳಿಯಬೇಕು. ಅದರಲ್ಲಿ ಹೋಗುವವರು ಹನ್ನೊಂದು ಜನ. "ಈ ಸಲ ತೊಟ್ಟು ನೀರು ಒಳಗೆ ಬಂದ್ರೂ ಮರ ಸಾಕು ಮಾರಾಯ, ನಾನು ಕಿನಾವಿ ಹತ್ರ ಫೈಬರ್ ದೋಣಿ ಮಾಡಿಸ್ಕೊಳ್ತೀನಿ," ಎಂದು ಹಿಗಾಜಿ ಆಗಲೇ ಹೇಳಿಬಿಟ್ಟಿದ್ದ. ಫೈಬರ್ ದೋಣಿಗೆ ಸಂದೇ ಇಲ್ಲ, ಸಂದು ಇಲ್ಲದ ಮೇಲೆ ಮಿತ್ವಲ್ಲಿಯೂ ಬೇಡ. ಹಿಗಾಜಿ ಹೋದರೆ ಅವನ ಹಿಂದೆ ಉಳಿದವರೂ ಹೋಗುತ್ತಾರೆ.

ಅಂತೂ ಬಹ್ಗತ್ ಕೆಲಸಕ್ಕೆ ಸೇರಿದ, ಮಿತ್ವಲ್ಲಿ ಅವನನ್ನು ಕಾಯುವ ಕೆಲಸಕ್ಕೆ ಸೇರಿದ.

ಮೊದಲ ವಾರ ಇವನು ಪೊಲೀಸರ ಕಡೆಯವನು ಅನ್ನಿಸಿತು. ಊರಿಂದ ಕಳ್ಳದೋಣಿಯಲ್ಲಿ ಇಟಲಿಗೆ ಹೋಗುವವರನ್ನು ಹುಡುಕುತ್ತ ಎಂತೆಂಥವರೋ ಬಂದು ಹೋಗುತ್ತಿದ್ದರು. ಮಿತ್ವಲ್ಲಿ ಚಹಾದಂಗಡಿಯಲ್ಲಿ ಕೂತು, ಯಾರೂ ಕೇಳದಿದ್ದರೂ, "ನಾನು ಮುಟ್ಟಿದ ದೋಣಿಯಲ್ಲಿ ಮೀನು ಬಿಟ್ಟು ಬೇರೇನೂ ಹತ್ತಿಲ್ಲ," ಎಂದು ಬಹ್ಗತ್‌ನ ಮುಖ ನೋಡುತ್ತ ಸಾರಿದ. ಬಹ್ಗತ್ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ. ಎರಡನೆಯ ವಾರದ ಹೊತ್ತಿಗೆ ಅನುಮಾನ ಸರಿಯಾದ ಜಾಗಕ್ಕೆ ಬಂದು ಕೂತಿತು. ಇವನು ಕಿನಾವಿಯ ಕಡೆಯವನು. ಮಿತ್ವಲ್ಲಿ ಬದುಕಿರುವ ತನಕ ಮೀನುಗಾರರು ಮರ ಬಿಡುವುದಿಲ್ಲ ಎಂದು ಕಿನಾವಿ ಹಲ್ಲು ಕಡಿಯುತ್ತಿದ್ದುದು ಊರಿಗೆಲ್ಲ ಗೊತ್ತಿತ್ತಲ್ಲ.

ಆಮೇಲೆ ಎಲ್ಲವೂ ಅದಕ್ಕೇ ಸಾಕ್ಷಿಯಾಯಿತು. ಬಹ್ಗತ್ ಬೇಗ ಬಂದರೆ ಏನೋ ಹುಡುಕಲು ಬಂದ. ತಡವಾಗಿ ಬಂದರೆ ಕಿನಾವಿಗೆ ವರದಿ ಕೊಟ್ಟು ಬಂದ. ಎಲ್ಲಕ್ಕಿಂತ ಮಿತ್ವಲ್ಲಿಯ ಹೊಟ್ಟೆ ಉರಿಸಿದ್ದು ಇನ್ನೊಂದು. ತಾನು ಕೊಡತಿ ಎತ್ತಿ ಉಳಿಯ ಮೇಲೆ ಹೊಡೆಯುವಾಗ ಈತ ತಲೆ ವಾಲಿಸಿ ನಿಲ್ಲುತ್ತಿದ್ದ, ಒಮ್ಮೊಮ್ಮೆ ಹಲ್ಲುನೋವು ಬಂದವರ ಹಾಗೆ ಮುಖ ಹಿಂಡುತ್ತಿದ್ದ. ಐವತ್ತೊಂದು ವರ್ಷದ ಕೈಯನ್ನು ಅಣಕಿಸುತ್ತಾನಲ್ಲ ಎಂದು ಮಿತ್ವಲ್ಲಿ ಒಳಗೊಳಗೇ ಕುದಿಯುತ್ತಿದ್ದ.

ರಾಳಕ್ಕೆ ಕುರಿಯ ಕೊಬ್ಬು ಬೆರೆಸುವಾಗ ಅವನು ಬಹ್ಗತ್‌ನನ್ನು ನೀರು ತರಲು ಅಟ್ಟುತ್ತಿದ್ದ. ಹೇಳಿಕೊಟ್ಟರೂ ಒಂದನ್ನು ಮುಷ್ಟಿಯಲ್ಲೇ ಇಟ್ಟುಕೊಳ್ಳುವುದು ಅಲ್ಲಿನ ಉಸ್ತಾಗಳ ಪದ್ಧತಿ. ಹಿಂದೆ ಬಂದಿದ್ದ ಇಬ್ಬರು ಮೂರು ವರ್ಷ ನೀರು ಹೊತ್ತು, ಬೈಗುಳ ತಿಂದು, ಕೈಗೆ ಏನೂ ಹತ್ತದೆ ಓಡಿಹೋಗಿದ್ದರು. ಕಸುಬಿಗೆ ಜನ ಸಿಗುವುದಿಲ್ಲ ಎಂದು ಚಹಾದಂಗಡಿಯಲ್ಲಿ ಗೋಳಾಡುವ ಉಸ್ತಾಗಳು ಈ ಮಾತನ್ನು ಮಾತ್ರ ಎತ್ತುವುದಿಲ್ಲ, ನನಗಂತೂ ಅದು ಸಿಟ್ಟು ತರಿಸುತ್ತದೆ.

ಆದರೆ ಮಿತ್ವಲ್ಲಿಯ ಮುಷ್ಟಿಯಲ್ಲಿ ರಾಳದ ಗುಟ್ಟಿಗಿಂತ ದೊಡ್ಡದೊಂದು ಗುಟ್ಟಿತ್ತು. ಅವನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಹೋಗಿತ್ತು. ಕಲಫತ್‌ನ ಕೆಲಸವೆಲ್ಲ ಕಿವಿಯಲ್ಲೇ ಇರುವುದು. ನಾರು ಸಡಿಲವಿದ್ದರೆ ಕೊಡತಿಯ ಪೆಟ್ಟು ಡುಬ್ ಅನ್ನುತ್ತದೆ. ಸರಿಯಾಗಿ ಕೂತರೆ ಟಣ್ ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಹೊಡೆದರೆ ಹಲಗೆ ನೀರು ಕುಡಿದು ಉಬ್ಬಿದಾಗ ಮೊಳೆ ಕಿತ್ತು ಬರುತ್ತದೆ. ಮೂರು ವರ್ಷದಿಂದ ಮಿತ್ವಲ್ಲಿಗೆ ಆ ಟಣ್ ಕೇಳಿಸಿರಲಿಲ್ಲ. ಕೈಯ ಅಂದಾಜಿನ ಮೇಲೆ ಹೊಡೆಯುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಎಲ್ಲರೂ ನಕ್ಕಾಗ ನಗುತ್ತಿದ್ದ, ತಲೆ ಆಡಿಸಿದಾಗ ಆಡಿಸುತ್ತಿದ್ದ. "ಏನಂದೆ?" ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ, ಕೇಳಿದರೆ ಗುಟ್ಟು ರಟ್ಟಾಗುತ್ತದೆ. ದೂರದಲ್ಲಿ ಇಬ್ಬರು ತುಟಿ ಅಲ್ಲಾಡಿಸಿದರೆ ಅವರು ಆಡಿದ ಮಾತನ್ನು ತಾನೇ ಊಹಿಸಿಕೊಳ್ಳುತ್ತಿದ್ದ. ಆ ಊಹೆಯಲ್ಲಿ ಯಾರೂ ಅವನ ಬಗ್ಗೆ ಒಳ್ಳೆಯದು ಆಡಿದ್ದೇ ಇಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ ಮಿತ್ವಲ್ಲಿ ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ಬಿಸಿಲು ಇಳಿದ ಮೇಲೆ ವಾಪಸು. ಆ ಹೊತ್ತಿನಲ್ಲಿ ಬಹ್ಗತ್ ಅಂಗಳದಲ್ಲಿ ಒಬ್ಬನೇ ಇರುತ್ತಿದ್ದ. ಆರನೆಯ ವಾರದ ಒಂದು ದಿನ ಮಿತ್ವಲ್ಲಿ ನೆರಳಿಗೆಂದು ದೋಣಿಯಡಿ ಸರಿದವನು ಕಣ್ಣು ಕಿರಿದು ಮಾಡಿ ನೋಡಿದ. ಅವನ ಮನೆತನದಲ್ಲಿ ಒಂದು ರೂಢಿಯಿತ್ತು. ಪ್ರತಿ ಸಂದಿನ ಕೊನೆಯಲ್ಲಿ, ರಾಳ ಆರುವ ಮೊದಲು, ಹೆಬ್ಬೆರಳು ಒತ್ತುವುದು. ನಾಳೆ ಆ ಸಂದು ಸೋರಿದರೆ ಯಾರ ಕೆಲಸ ಎಂದು ಕೇಳಬೇಕಾಗಿಲ್ಲ. ಮಿತ್ವಲ್ಲಿಯ ಹೆಬ್ಬೆರಳಿಗೆ ಅಡ್ಡಲಾಗಿ ಹಳೆಯ ಗಾಯವಿತ್ತು, ಒತ್ತಿದಲ್ಲೆಲ್ಲ ಗೆರೆ ಬೀಳುತ್ತಿತ್ತು. ಈಗ ನೋಡಿದರೆ ಅವನೇ ತುಂಬಿದ್ದ ಸಂದುಗಳಲ್ಲಿ ಏಳರ ಕೊನೆಯಲ್ಲಿ ಗೆರೆಯೇ ಇಲ್ಲದ ಹೆಬ್ಬೆರಳು ಕೂತಿತ್ತು. ರಾಳ ಹೊಸದು. ಯಾರೋ ಬಿಚ್ಚಿ ಮತ್ತೆ ತುಂಬಿದ್ದರು.

ಅವನ ಎದೆ ಉರಿಯಿತು ಅಂದರೆ ಕಡಿಮೆಯಾಯಿತು. ಒಂದು ಬಗೆಯ ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದೇಕೆ? ಆರು ವಾರದಿಂದ ಕಾದದ್ದು ಕೊನೆಗೂ ಕೈಗೆ ಸಿಕ್ಕಿತ್ತು.

ಹಿಗಾಜಿ ಬಂದಾಗ ಅವನ ಮುಂದೆಯೇ ಬಹ್ಗತ್‌ನನ್ನು ನಿಲ್ಲಿಸಿದ.

"ನನ್ನ ಸಂದಿಗೆ ಕೈ ಹಾಕಿದ್ದು ನೀನೇ ತಾನೆ?"

"ಹೌದು, ಉಸ್ತಾ."

"ನೋಡಿದ್ಯಾ ರಯ್ಯಿಸ್? ಬಾಯಿಬಿಟ್ಟು ಒಪ್ಕೊಂಡ. ನಾನು ಮಲಗಿದ್ದಾಗ ಬಿಚ್ಚಿ ಹಾಳು ಮಾಡಿದಾನೆ. ದೋಣಿ ಸೋರಬೇಕು, ನನ್ನ ಹೆಸರು ಕೆಡಬೇಕು, ನೀನು ಕಿನಾವಿ ಬಾಗಿಲಿಗೆ ಓಡಬೇಕು. ಎಷ್ಟು ಕೊಟ್ಟನೋ ಕಿನಾವಿ, ಕೇಳು."

ಬಹ್ಗತ್ ಹಿಗಾಜಿಯ ಕಡೆ ನೋಡಿದ, ಮಿತ್ವಲ್ಲಿಯ ಕಡೆ ನೋಡಿದ.

"ಯಾಕಪ್ಪಾ ಬಿಚ್ಚಿದೆ?" ಹಿಗಾಜಿ ಕೇಳಿದ.

"ಉಸ್ತಾ ಹೇಳಿದ ಮೇಲೆ ಮುಗೀತು, ರಯ್ಯಿಸ್," ಎಂದು ಬಹ್ಗತ್ ಕೊಡತಿಯನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ಏಳು ಸಂದುಗಳನ್ನು ಬಿಚ್ಚಿ ಹೊಸದಾಗಿ ತುಂಬಲು ದಿನ ಸಾಲದು. ಮೊದಲು ದೋಣಿಯೊಳಗೆ ನೀರು ಬಿಟ್ಟು ಪರೀಕ್ಷೆ ಮಾಡೋಣ, ಎಲ್ಲೆಲ್ಲಿ ಹಾಳಾಗಿದೆಯೋ ಅಲ್ಲಲ್ಲಿ ಸರಿಮಾಡಿದರಾಯಿತು ಎಂದು ಇಬ್ಬರೂ ತೀರ್ಮಾನಿಸಿದರು. ಮೂರನೆಯ ದಿನ ಇನ್ನೊಂದು ಸುದ್ದಿ ಬಂತು. ಬಹ್ಗತ್ ಕಿನಾವಿಯ ಫೈಬರ್ ಕಾರ್ಖಾನೆಗೆ ಸೇರಿದ್ದಾನೆ. ಮಿತ್ವಲ್ಲಿ ಆ ದಿನ ಚಹಾದಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿದ. "ನಾನು ಹೇಳಿರಲಿಲ್ವಾ?" ಎಂದು ಒಬ್ಬೊಬ್ಬರನ್ನೂ ಕೇಳಿದ. ಅವರು ಏನೆಂದರೋ, ಅವನಿಗೆ ಕೇಳಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪಂಪು ಹಚ್ಚಿ ದೋಣಿಯೊಳಗೆ ಮೊಣಕಾಲುದ್ದ ನೀರು ಬಿಟ್ಟರು. ಹನ್ನೊಂದು ಜನರೂ ಬಂದು ಸುತ್ತ ನಿಂತಿದ್ದರು. ಮಿತ್ವಲ್ಲಿ ನೇರವಾಗಿ ಗೆರೆ ಇಲ್ಲದ ಹೆಬ್ಬೆರಳುಗಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಒಂದು, ಎರಡು, ಮೂರು. ಏಳೂ ಒಣಗಿ ಕೂತಿದ್ದವು. ಬೆರಳಿಂದ ಉಜ್ಜಿ ನೋಡಿದ, ಬೆರಳು ಒದ್ದೆಯಾಗಲಿಲ್ಲ. ಅಷ್ಟರಲ್ಲಿ ಹಿಗಾಜಿ ಅವನ ಭುಜ ಮುಟ್ಟಿ ಇನ್ನೊಂದು ಕಡೆ ಕೈ ತೋರಿಸಿದ. ಅಲ್ಲಿ ಮೂರು ಸಂದುಗಳಿಂದ ನೀರು ಹನಿ ಹನಿಯಾಗಿ ಇಳಿದು ಮರಳು ತೋಯಿಸುತ್ತಿತ್ತು. ಮೂರರ ಕೊನೆಯಲ್ಲೂ ಹೆಬ್ಬೆರಳ ಗುರುತಿತ್ತು, ಗುರುತಿನ ನಡುವೆ ಗಾಯದ ಗೆರೆ.

ಮಿತ್ವಲ್ಲಿ ಎದ್ದು ಮನೆಗೆ ನಡೆದ.

ಹೆಂಡತಿ ಇನ್ಶಿರಾಹ್ ಅಂಗಳದಲ್ಲಿ ಮೊಲೊಖಿಯಾ ಸೊಪ್ಪು ಬಿಡಿಸುತ್ತಿದ್ದಳು. ಅವನ ಮುಖ ನೋಡಿ ಸೊಪ್ಪು ಬದಿಗಿಟ್ಟು, ಬಂದು ಅವನ ಎಡಗಿವಿಯ ಪಕ್ಕ ಕೂತಳು. ಮೂರು ವರ್ಷದಿಂದ ಅವಳು ಅಲ್ಲೇ ಕೂರುತ್ತಿದ್ದಳು. ಅದನ್ನು ಅವನು ಗಮನಿಸಿದ್ದು ಆ ದಿನ.

"ಸೋರ್ತಾ?" ಗಟ್ಟಿಯಾಗಿ ಕೇಳಿದಳು.

"ನಂದು ಸೋರ್ತು. ಅವನದು ಸೋರಲಿಲ್ಲ."

"ಅವನನ್ನ ಕಳಿಸಿದ್ದು ನಾನು. ಅವರಮ್ಮ ನನಗೆ ದೂರದ ನಂಟಲ್ಲಿ ತಂಗಿಯಾಗಬೇಕು. ಹೇಳಿದ್ರೆ ನೀವು ಅವನನ್ನ ಹೊಸಿಲು ದಾಟಿಸ್ತಿರಲಿಲ್ಲ. ಉಸ್ತಾಗೆ ಕಿವಿ ಕೇಳ್ಸಲ್ಲ, ನೀನು ಅವರ ಕಿವಿಯಾಗಿರು, ಯಾರ ಮುಂದೆಯೂ ಅದನ್ನ ಬಾಯಿಬಿಡಬೇಡ ಅಂದಿದ್ದೆ. ಪಾಪ, ಬಾಯಿಬಿಡಲಿಲ್ಲ."

"ನಿಂಗೆ ಗೊತ್ತಿತ್ತಾ?"

"ನಾನು ಮನೇಲಿ ಹೀಗೆ ಕಿರುಚೋದು ಹಾಡೋದಕ್ಕೆ ಅಂದ್ಕೊಂಡಿದ್ರಾ?"

ಮಿತ್ವಲ್ಲಿ ತನ್ನ ಹೆಬ್ಬೆರಳನ್ನು ನೋಡುತ್ತ ಕೂತ. ಕೆಲಸ ಕೆಡಿಸಲು ಬಂದವನು ಅದರ ಕೊನೆಗೆ ತನ್ನ ಗುರುತು ಯಾಕೆ ಒತ್ತುತ್ತಾನೆ? ಸೋರಿದರೆ ಉಸ್ತಾನ ತಲೆಗೆ ಬರದಿರಲಿ, ತನ್ನ ತಲೆಗೇ ಬರಲಿ ಎಂದು ಒತ್ತಿದ್ದ. ಆರು ವಾರ ಕಣ್ಣಲ್ಲಿ ಕಣ್ಣಿಟ್ಟು ಕಾದವನಿಗೆ ಇಷ್ಟು ಹೊಳೆಯಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಹ್ಗತ್‌ನನ್ನು ಕಿನಾವಿಯ ಕಡೆಯವನನ್ನಾಗಿ ಮಾಡಿದ್ದು ಯಾರು ಎಂಬುದೂ ಈಗ ಸ್ಪಷ್ಟವಾಗಿತ್ತು.

ಮಧ್ಯಾಹ್ನ ಮಲಗಲಿಲ್ಲ. ಫೈಬರ್ ಕಾರ್ಖಾನೆಯ ಗೇಟಿಗೆ ಹೋಗಿ ನಿಂತ. ಬುರ್ಗ್‌ನವರೆಲ್ಲ ನೋಡುವ ರಸ್ತೆ ಅದು. ಸ್ವಲ್ಪ ಹೊತ್ತಿಗೆ ಬಹ್ಗತ್ ಹೊರಗೆ ಬಂದ. ಹುಬ್ಬು, ರೆಪ್ಪೆ, ಮೀಸೆಯೆಲ್ಲ ಬಿಳಿ ಪುಡಿ. ಒಳಗೆ ಮೆಷಿನ್ ತಿರುಗುತ್ತಿತ್ತು.

"ನನಗೆ ಕಿವಿ ಕೇಳ್ಸಲ್ಲ," ಎಂದ ಮಿತ್ವಲ್ಲಿ. ಆ ಮಾತನ್ನು ಅವನು ಬಾಯಿಂದ ಆಡಿದ್ದು ಅದೇ ಮೊದಲು. ಗೇಟಿನ ಕಾವಲುಗಾರ ತಿರುಗಿ ನೋಡಿದ. "ನಾನು ನಿನಗೆ ಮಾಡಿದ್ದು ತಪ್ಪು. ಹಿಗಾಜಿ ದೋಣಿ ಸೋರ್ತಾ ಇದೆ. ಬರ್ತೀಯಾ?"

ಬಹ್ಗತ್ ಏನೋ ಹೇಳಿದ. ತುಟಿ ಅಲ್ಲಾಡಿದ್ದು ಕಾಣಿಸಿತು, ಅಷ್ಟೇ. ಕೊನೆಯಲ್ಲಿ ತಲೆ ಅಡ್ಡಕ್ಕೆ ಆಡಿಸಿದ. ಹಳೆಯ ಮಿತ್ವಲ್ಲಿಗೆ ಊಹೆ ಸಿದ್ಧವಾಗಿಯೇ ಬಂತು: ಹೋಗೋ ಮುದುಕಾ ಅಂದಿರುತ್ತಾನೆ, ಅನ್ನಬೇಕಾದದ್ದೇ. ಅವನು ಹೊರಡಲೆಂದು ಒಂದು ಹೆಜ್ಜೆ ತಿರುಗಿದ. ತಿರುಗಿದವನು ನಿಂತ, ಎಡಗಿವಿಯ ಹಿಂದೆ ಕೈ ಇಟ್ಟುಕೊಂಡ.

"ಏನಂದೆ? ಇನ್ನೊಂದ್ಸಲ ಹೇಳು."

ಬಹ್ಗತ್ ಹತ್ತಿರ ಬಂದು ಕಿವಿಗೆ ಬಾಯಿ ಹಚ್ಚಿ ಹೇಳಿದ. "ಇಲ್ಲಿ ಆರು ತಿಂಗಳಿಗೆ ಒಪ್ಕೊಂಡುಬಿಟ್ಟಿದೀನಿ ಉಸ್ತಾ, ಬಿಡೋಕಾಗಲ್ಲ. ರಜೆ ಇರೋದು ಶುಕ್ರವಾರ ಒಂದೇ ದಿನ. ಶುಕ್ರವಾರ ಬರ್ತೀನಿ."

ವಾರಕ್ಕೆ ಒಂದು ದಿನ. ಆರೂ ದಿನ ಬರುತ್ತಿದ್ದವನನ್ನು ಓಡಿಸಿ ಅವನು ಗಳಿಸಿದ್ದು ಇಷ್ಟು.

ಮಿತ್ವಲ್ಲಿ ಅಲ್ಲಿಂದ ನೇರ ಹಿಗಾಜಿಯ ಬಳಿ ಹೋಗಿ ಅದೇ ಮಾತನ್ನು ಎರಡನೆಯ ಸಲ ಹೇಳಿದ. ಹಿಗಾಜಿ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ, "ಶುಕ್ರವಾರದ ತನಕ ಕಾಯ್ತೀನಿ. ಗೆರೆ ಇಲ್ಲದ ಹೆಬ್ಬೆರಳು ಇದ್ರೆ ಮಾತ್ರ ದೋಣಿ ಇಳಿಸ್ತೀನಿ," ಎಂದು ಅವನ ಕಿವಿಯ ಹತ್ತಿರವೇ ಕೂಗಿದ.

ಶುಕ್ರವಾರ ಇಬ್ಬರೂ ದೋಣಿಯಡಿ ಮಲಗಿದರು. ಮಿತ್ವಲ್ಲಿ ಹೊಡೆದ, ಬಹ್ಗತ್ ಕೇಳಿದ. ಸಾಕು ಅನ್ನುವಲ್ಲಿ ಬೆರಳಿಂದ ಅವನ ಮುಂಗೈ ತಟ್ಟಿದ. ಮೂರನೆಯ ಸಂದಿಗೆ ರಾಳ ಹಾಕುವ ಹೊತ್ತಿಗೆ ಮಿತ್ವಲ್ಲಿ ಕೊಬ್ಬಿನ ಡಬ್ಬಿಯನ್ನು ಅವನ ಮುಂದೆಯೇ ತೆರೆದು, ಎಷ್ಟು, ಯಾವಾಗ ಎಂದು ತೋರಿಸಿದ. ಬಳಿದಾದ ಮೇಲೆ ತನ್ನ ಕೈ ಹಿಂದೆ ತೆಗೆದ.

"ನಿಂದು ಒತ್ತು."

ಬಹ್ಗತ್ ಏನೋ ಅಂದ.

"ಏನಂದೆ?"

"ಕುದೀತಾ ಇದೆ ಅಂದೆ, ಉಸ್ತಾ. ನೀವಿಲ್ಲದಾಗ ನೀವು ಬೆರೆಸಿಟ್ಟ ರಾಳ ಬಳಿದು, ಸ್ವಲ್ಪ ಆರೋ ತನಕ ಕಾದು ಒತ್ತುತ್ತಿದ್ದೆ. ನೀವು ಹೇಗೆ ಬಿಸಿಬಿಸೀಲೇ ಒತ್ತುತ್ತೀರಿ?"

"ಬೆರಳಿಗೆ ಉಗುಳು ಹಚ್ಕೊ. ಸುಡಲ್ಲ," ಎಂದ ಮಿತ್ವಲ್ಲಿ.